ಸ್ಮಾರ್ಟ್ ಕ್ಲಾಸಿನ ಜವಳ

ಪರ್ವತದ ಮೇಲಿನ ಊರು ಪುನೊದ ಸಾನ್ ಬಾರ್ತೊಲೊ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ ಹನ್ನೊಂದು ಜನ ಡಾಕ್ಟರುಗಳಿದ್ದರು. ರೋಗ ವಾಸಿ ಮಾಡುವವರಲ್ಲ, ಪಾಠ ಮಾಡುವುದು ಹೇಗೆಂಬುದನ್ನು ಪಾಠ ಮಾಡುವವರು. ಈ ಹನ್ನೊಂದು ಜನರೂ ದಿನಕ್ಕೊಂದು ಸಲ ತಲೆ ತಗ್ಗಿಸುವ ಜಾಗವೊಂದಿತ್ತು. ಅದು ಮೆಟ್ಟಿಲ ಕೆಳಗಿನ ಪುಟ್ಟ ಕಿಟಕಿ. ಕಿಟಕಿಯೇ ತಗ್ಗಾಗಿದ್ದುದರಿಂದ ಬೇರೆ ದಾರಿಯಿರಲಿಲ್ಲ. ಒಳಗೆ ಸತುರ್ನಿನಾ ಪಾರಿ ಕೂತು ಬೀಗದಕೈ, ಡಸ್ಟರು ಮತ್ತು ತಲೆಗೆ ಮೂರರಂತೆ ಸೀಮೆಸುಣ್ಣ ಕೊಡುತ್ತಿದ್ದಳು. ನಾಲ್ಕನೆಯದನ್ನು ಬೇಡಿದವರಿಗೆ, "ನಿನ್ನೇದರ ತುಂಡು ಎಲ್ಲಿ ಡಾಕ್ಟ್ರೇ?" ಎಂದು ಅಷ್ಟೇ ಕೇಳುತ್ತಿದ್ದಳು. ಡಾಕ್ಟರುಗಳು ಕೋಟಿನ ಜೇಬು ತಡಕಿ, ಪುಡಿಯಾದ ತುಂಡು ತೆಗೆದು ತೋರಿಸುತ್ತಿದ್ದರು.

ಇಪ್ಪತ್ತೊಂದರ ಪ್ರಾಯದಲ್ಲಿ ಅಕೋರಾದಿಂದ ಕಸ ಗುಡಿಸಲು ಬಂದವಳು. ಸಂಜೆ ಶಾಲೆಗೆ ಹೋಗಿ ಹೈಸ್ಕೂಲು ಮುಗಿಸಿದಳು. ಟೀಚರಾಗುವ ಆಸೆಯಿತ್ತು, ಅದು ಆಗಲಿಲ್ಲ, ಆದರೆ ಅಕ್ಷರ ಮುತ್ತಿನಂತೆ ಗುಂಡಗಾಯಿತು. ವಿಭಾಗದ ಪ್ರಶಸ್ತಿಪತ್ರಗಳಲ್ಲಿ ಹೆಸರು ತುಂಬುವವಳು ಅವಳೇ. ಡೀನರ ಕೋಣೆಯ ಗೋಡೆಯ ಮೇಲೆ ಡೀನರನ್ನು ಹೊಗಳಿ ತೂಗುಹಾಕಿದ್ದ ಒಂಬತ್ತು ಪತ್ರಗಳೂ ಸತುರ್ನಿನಾಳ ಕೈಬರಹದಲ್ಲೇ ಇದ್ದವು.

ಹೀಗೆ ಮೂವತ್ತಮೂರು ವರ್ಷ ಕಳೆದ ಮೇಲೆ ಅವಳ ಮೊಣಕಾಲುಗಳು ಕೈಕೊಟ್ಟವು. ಆ ಎತ್ತರದ ಚಳಿ ಮೊದಲು ಗಾಜಿನೊಳಕ್ಕೆ ನುಗ್ಗುತ್ತದೆ, ಆಮೇಲೆ ಮೂಳೆಯೊಳಕ್ಕೆ. ತಂಗಿ ಬಸಿಲಿಯಾ ಕೆಳಗೆ ಮೊಕೆಗ್ವಾದಲ್ಲಿದ್ದಳು. ಅಲ್ಲಿ ಬಿಸಿಲುಂಟು, ಹಿತ್ತಲಲ್ಲಿ ಬೆಣ್ಣೆಹಣ್ಣಿನ ಎರಡು ಮರಗಳುಂಟು, ಅಕ್ಕನಿಗೆಂದು ಹಾಸಿಟ್ಟ ಮಂಚವುಂಟು. ಬಸಿಲಿಯಾ ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು.

"ಅಕ್ಕಾ, ಬರ್ತೀಯೋ ಇಲ್ವೋ? ಮಂಚದ ಮೇಲೆ ಬೆಕ್ಕು ಮರಿ ಹಾಕಿದೆ."

"ಬರ್ತೀನಿ ಕಣೇ. ಒಂದು ಕೋಣೆ ಒಪ್ಪಿಸೋದು ಬಾಕಿ ಇದೆ."

"ಕೋಣೆ ಒಪ್ಪಿಸೋಕೆ ಹದಿನಾಲ್ಕು ತಿಂಗಳಾ? ಕಟ್ಟಿದ್ರೂ ಇಷ್ಟೊತ್ತಿಗೆ ಮುಗೀತಿತ್ತು."

ಬಸಿಲಿಯಾ ಹೇಳಿದ್ದು ತಪ್ಪಲ್ಲ. ಆದರೆ ಆ ಕೋಣೆ ಸ್ಮಾರ್ಟ್ ಕ್ಲಾಸಾಗಿತ್ತು.

ಹದಿನಾಲ್ಕು ತಿಂಗಳ ಹಿಂದೆ ವಿಶ್ವವಿದ್ಯಾಲಯದ ವಾರ್ಷಿಕೋತ್ಸವದ ದಿನ ಅರೆಕಿಪಾದಿಂದ ಒಂದು ಲಾರಿ ಬಂತು. ಹನ್ನೊಂದು ಡಾಕ್ಟರುಗಳೂ ಎದೆಯ ಮೇಲೆ ಪಟ್ಟಿ ಅಡ್ಡ ಹಾಕಿಕೊಂಡು ಚೌಕದಲ್ಲಿ ಮೆರವಣಿಗೆ ಹೊರಟಿದ್ದರು. ಕಟ್ಟಡದಲ್ಲಿ ಉಳಿದವಳು ಸತುರ್ನಿನಾ ಒಬ್ಬಳೇ. ಬಂದ ಕೆಲಸಗಾರರು 204ನೇ ಕೋಣೆಯ ಗೋಡೆಗೆ ಬೆರಳಲ್ಲಿ ಬರೆಯುವ ಬೋರ್ಡು ಹಚ್ಚಿದರು. ಕ್ಯಾಮೆರಾ, ಮೈಕು, ಗಾಲಿ ಕುರ್ಚಿಗಳನ್ನು ಜೋಡಿಸಿದರು. ಕೊನೆಗೆ ಮೇಸ್ತ್ರಿ ಸಾಮಾನುಗಳ ಪಟ್ಟಿ ಚಾಚಿದ. "ಇಲ್ಲಿ ಒಂದು ಸೈನ್ ಹಾಕಿ ತಾಯಿ, ರಸ್ತೆ ಹೆಪ್ಪುಗಟ್ಟೋಕೆ ಮುಂಚೆ ನಾವು ಹೊರಡ್ಬೇಕು." ಅವಳು ತನ್ನ ಗುಂಡು ಅಕ್ಷರದಲ್ಲಿ ಸಹಿ ಹಾಕಿದಳು. ಅಂದಿನಿಂದ ಮೂವತ್ತೊಂದು ಸಾಲಿನ ಆ ಪಟ್ಟಿಯಲ್ಲಿರುವುದೆಲ್ಲಕ್ಕೂ ಸರ್ಕಾರದ ಲೆಕ್ಕದಲ್ಲಿ ಸತುರ್ನಿನಾ ಪಾರಿಯೇ ಹೊಣೆಗಾರಳಾದಳು. ಇನ್ನೊಬ್ಬರು ಸಹಿ ಹಾಕಿ ವಹಿಸಿಕೊಳ್ಳುವ ತನಕ ಅವಳ ನಿವೃತ್ತಿಯ ಕಾಗದ ಮುಂದೆ ಹೋಗುವಂತಿರಲಿಲ್ಲ.

ವಹಿಸಿಕೊಳ್ಳಬೇಕಾದವರು ಡೀನ್ ಲಿಸಾಂದ್ರೊ ಸೆಗಾರ್ರಾ. ಅವರಿಗೆ ಸ್ಮಾರ್ಟ್ ಕ್ಲಾಸೆಂದರೆ ಬಲು ಹೆಮ್ಮೆ. ಹೋದಬಂದಲ್ಲೆಲ್ಲ ಅದರ ಮಾತು. "ನಮ್ಮ ವಿಭಾಗ ಇನ್ನು ಹಿಂದಿನ ವಿಭಾಗ ಅಲ್ಲ," ಎನ್ನುತ್ತಿದ್ದರು. ಸಹಿಯ ಮಾತೆತ್ತಿದರೆ ಮಾತ್ರ ಕನ್ನಡಕ ತೆಗೆದು ಒರೆಸಲು ತೊಡಗುವರು.

"ನೋಡಿ ಸತುರ್ನಿನಾ, ಸಹಿ ಹಾಕೋದು ದೊಡ್ಡ ವಿಷಯ ಅಲ್ಲ. ಆದರೆ ಉದ್ಘಾಟನೆ ಆಗ್ಬೇಕಲ್ಲ. ಧರ್ಮತಂದೆ ಬಾಟ್ಲಿ ಒಡೀದೆ ಬಾಗಿಲು ತೆಗೆದ್ರೆ ಶುಭವಾ? ಅದು ಕೆಲಸ ಮಾಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಆಮೇಲೆ ಸಹಿ."

ಪುನೊದಲ್ಲಿ ಹೊಸದಾಗಿ ಬಂದ ಯಾವುದಕ್ಕೂ ಧರ್ಮತಂದೆಯೋ ಧರ್ಮತಾಯಿಯೋ ಬೇಕು. ಮಗುವಿಗೆ ಬೇಕು, ಮನೆಯ ತಾರಸಿಗೆ ಬೇಕು, ಟ್ಯಾಕ್ಸಿಗೆ ಬೇಕು, ಫುಟ್‌ಬಾಲ್ ತಂಡದ ಅಂಗಿಗೂ ಬೇಕು. ಸ್ಮಾರ್ಟ್ ಕ್ಲಾಸಿಗೆ ಡೀನರು ಹಿಡಿದದ್ದು ಪ್ರಾಂತ್ಯದ ಸಲಹಾಮಂಡಳಿಯ ದೊಡ್ಡ ಮನುಷ್ಯ ದೊನ್ ಅಬೆಲಾರ್ದೊ ರಿಕೆಲ್ಮೆಯನ್ನು. ಧರ್ಮತಂದೆಯ ಉಡುಗೊರೆಯಾಗಿ ಕಿಟಕಿಗಳಿಗೆ ಪರದೆ ಕೊಡುತ್ತೇನೆಂದು ಆತ ಮಾತು ಕೊಟ್ಟಿದ್ದ. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ರಿಬ್ಬನ್ನು ಕಟ್ಟಿ, ಬಿಚ್ಚಿ, ಇಸ್ತ್ರಿ ಮಾಡಿ ಇಟ್ಟವಳು ಸತುರ್ನಿನಾ.

ಕೋಣೆಗೆ ಬೀಗ ಬಿದ್ದಿತ್ತೆಂದು ಪಾಠವೇನೂ ನಿಲ್ಲಲಿಲ್ಲ. 'ಶಿಕ್ಷಣದಲ್ಲಿ ಹೊಸ ತಂತ್ರಜ್ಞಾನ' ಎಂಬ ವಿಷಯವನ್ನು ಪ್ರೊಫೆಸರ್ ಎವರಿಸ್ತೊ ಲೂನಾ ಎದುರಿನ 203ರಲ್ಲಿ ಬೋಧಿಸುತ್ತಿದ್ದರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸ್ಮಾರ್ಟ್ ಬೋರ್ಡಿನ ಚಿತ್ರ ಬರೆದು, ಎಡಗಡೆ ಅಳಿಸುವ ಗುಂಡಿ, ಕೆಳಗೆ ಬಣ್ಣಗಳು, ಮೂಲೆಯಲ್ಲಿ ಕ್ಯಾಮೆರಾ ಎಂದು ಬಾಣ ಹಾಕಿ ಹೆಸರಿಸುತ್ತಿದ್ದರು. ಪರೀಕ್ಷೆಯಲ್ಲಿ "ಸ್ಮಾರ್ಟ್ ಬೋರ್ಡಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂಬ ಪ್ರಶ್ನೆಗೆ ಹತ್ತು ಅಂಕ. ಈ ವಿಷಯಕ್ಕೆಂದೇ ಅವರು ಬಣ್ಣದ ಸೀಮೆಸುಣ್ಣ ಕೇಳುತ್ತಿದ್ದರು. ಸತುರ್ನಿನಾ ಅದನ್ನೂ ಮೂರೇ ಕೊಡುತ್ತಿದ್ದಳು.

ಆ ಹದಿನಾಲ್ಕು ತಿಂಗಳಲ್ಲಿ 204ರ ಒಳಗೆ ಕಾಲಿಟ್ಟವಳು ಅವಳೊಬ್ಬಳೇ. ದಿನಾ ಧೂಳು ಹೊಡೆದು, ಗಾಲಿ ಕುರ್ಚಿಯಲ್ಲಿ ಕೂತು, ಬುತ್ತಿ ಬಿಚ್ಚಿ ಒಣ ಆಲೂಗಡ್ಡೆ ಮತ್ತು ಗಿಣ್ಣು ತಿನ್ನುತ್ತ, ಬೋರ್ಡಿನ ಜೊತೆ ಬಂದಿದ್ದ ಕೈಪಿಡಿ ಓದುತ್ತಿದ್ದಳು. ಬೇರೆ ಓದಲು ಏನೂ ಇರಲಿಲ್ಲವೆಂದೇ ಓದಿದ್ದು. ಮೊದಲನೇ ಸಲ ಅರ್ಥವಾಗಲಿಲ್ಲ. ನಾಲ್ಕನೇ ಸಲಕ್ಕೆ ಎಲ್ಲವೂ ಅರ್ಥವಾಯಿತು. ಒಂದು ದಿನ ಬಾಗಿಲಿಗೆ ಚಿಲಕ ಹಾಕಿ, ಬೋರ್ಡು ಬೆಳಗಿಸಿ, ಬೆರಳಿಟ್ಟು ನೋಡಿದಳು. ಏನೂ ಆಗಲಿಲ್ಲ. ಅರೆಕಿಪಾದ ಮೇಸ್ತ್ರಿಗೆ ಫೋನು ಮಾಡಿದಳು.

"ಪೊರೆ ತೆಗೆದ್ರಾ ತಾಯಿ?" ಎಂದ ಮೇಸ್ತ್ರಿ. "ಮೇಲೆ ಪ್ಲಾಸ್ಟಿಕ್ ಪೊರೆ ಇದೆ ನೋಡಿ, ಚೌಕಟ್ಟನ್ನೂ ಸುತ್ತಿದೆ. ದಾರೀಲಿ ಗೀರು ಬೀಳಬಾರದೂಂತ ಹಾಕಿದ್ದು. ಬೋರ್ಡಿನ ಕಣ್ಣೆಲ್ಲ ಚೌಕಟ್ಟಿನಲ್ಲಿರೋದು. ಅದು ಇರೋತನಕ ನೀವು ಬೆರಳಲ್ಲ, ತಲೆ ಚಚ್ಚಿಕೊಂಡ್ರೂ ಅದಕ್ಕೆ ಗೊತ್ತಾಗಲ್ಲ."

ಪೊರೆ ತೆಗೆಯುವುದು ಅರ್ಧ ಗಳಿಗೆಯ ಕೆಲಸ. ಆದರೆ ಪಟ್ಟಿಯಲ್ಲಿ ಹದಿನಾಲ್ಕನೇ ಸಾಲು ಹೀಗಿತ್ತು: 'ಪಾರದರ್ಶಕ ಪೊರೆ, ಒಂದು, ಬೋರ್ಡಿನ ಮೇಲೆ, ಹೊಸದು.' ಅವಳು ಸಹಿ ಹಾಕಿದ ಪಟ್ಟಿಯದು. ತೆಗೆದರೆ ಬೋರ್ಡಿನ ಮೇಲೆ ಪೊರೆ ಇರುವುದಿಲ್ಲ, ಅಂದರೆ ಒಂದು ವಸ್ತು ಕಡಿಮೆ. ಮೂವತ್ತಮೂರು ವರ್ಷ ಒಂದು ಡಸ್ಟರಿನ ಲೆಕ್ಕವನ್ನೂ ತಪ್ಪಿಸದವಳು ಸೊತ್ತು ಶಾಖೆಯ ಫ್ರೋಯ್ಲಾನ್ ಅಪಾಸಾನ ಹತ್ತಿರ ಹೋಗಿ ಅಪ್ಪಣೆ ಕೇಳಿದಳು.

ಅಪಾಸಾ ಕೆಟ್ಟವನಲ್ಲ. ಉದ್ದ ಮುಖದ, ಮೆಲುಮಾತಿನ ಮನುಷ್ಯ. ನಿಯಮವನ್ನು ಹೇಳುವಾಗ ಸಾವಿನ ಮನೆಯಲ್ಲಿ ಮಾತಾಡುವವನಂತೆ ಹೇಳುತ್ತಿದ್ದ.

"ಪೊರೆ ತೆಗೀಬಹುದು ಸತುರ್ನಿನಮ್ಮ. ಅದಕ್ಕೆ ಕುಲಪತಿಗಳ ಆದೇಶ ಆಗ್ಬೇಕು."

"ಆದೇಶ ಮಾಡಿಸಿ."

"ಅದಕ್ಕೆ ತಜ್ಞರ ವರದಿ ಬೇಕಲ್ಲ, ಈ ಪೊರೆಯಿಂದ ತೊಂದರೆ ಆಗ್ತಿದೆ ಅಂತ."

"ಬರೆಸಿ."

"ಕೋಣೆ ಬಳಕೆಗೆ ಬಂದು ಆರು ತಿಂಗಳಾದ್ಮೇಲೆ ಬರೀತಾರೆ."

ಡೀನರು ಸಹಿ ಹಾಕಬೇಕಾದರೆ ಬೋರ್ಡು ಕೆಲಸ ಮಾಡಬೇಕು. ಬೋರ್ಡು ಕೆಲಸ ಮಾಡಬೇಕಾದರೆ ಪೊರೆ ಹೋಗಬೇಕು. ಪೊರೆ ಹೋಗಬೇಕಾದರೆ ಡೀನರು ಸಹಿ ಹಾಕಿ ಕೋಣೆ ತೆರೆದು ಆರು ತಿಂಗಳಾಗಬೇಕು. ಸತುರ್ನಿನಾ ಕಿಟಕಿಗೆ ಮರಳಿ, ಮೊಣಕಾಲಿಗೆ ಬಿಸಿನೀರಿನ ಬಾಟಲಿ ಒತ್ತಿಕೊಂಡು ಕೂತಳು. ಮೇ ತಿಂಗಳು ಮುಗಿಯುತ್ತ ಬಂದಿತ್ತು, ಮುಂದಿನದು ಅಲ್ಲಿ ಹೆಪ್ಪುಗಟ್ಟುವ ಚಳಿಗಾಲ. ಆ ಜೂನನ್ನು ಇನ್ನೊಮ್ಮೆ ಪುನೊದಲ್ಲಿ ಕಳೆಯುವ ಶಕ್ತಿ ಆ ಕಾಲುಗಳಿಗಿರಲಿಲ್ಲ.

ನಾಲ್ಕನೇ ಸಲ ದಿನ ಗೊತ್ತಾಯಿತು: ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬಾಗಿಲಿಗೆ ರಿಬ್ಬನ್ನು ಬಂತು. ಬಾಗಿಲ ಮೇಲಿಂದ ದಾರದಲ್ಲಿ ಶಾಂಪೇನಿನ ಬಾಟಲಿ ಇಳಿಬಿದ್ದಿತು. ಪಕ್ಕದಲ್ಲಿ ಅದನ್ನು ಒಡೆಯಲು ಹೂ ಸುತ್ತಿದ ಪುಟ್ಟ ಸುತ್ತಿಗೆ. ವಿದ್ಯಾರ್ಥಿಗಳ ಕೊಳಲಿನ ತಂಡ ಮೆಟ್ಟಿಲ ಮೇಲೆ ಸಾಲಾಗಿ ನಿಂತಿತು. ಅಂಗಳದಲ್ಲಿ ಸುಟ್ಟ ಕುರಿಮಾಂಸ ಘಮಘಮಿಸುತ್ತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಹನ್ನೆರಡೂವರೆಗೆ ಡೀನರ ಫೋನು ಹೊಡೆದುಕೊಂಡಿತು. ದೊನ್ ಅಬೆಲಾರ್ದೊ ಅಸಾಂಗರೊದಲ್ಲಿ ಸೇತುವೆಯೊಂದಕ್ಕೆ ಧರ್ಮತಂದೆಯಾಗಲು ಹೋಗಿದ್ದಾನಂತೆ, ಸೇತುವೆ ಕಾಯುವುದಿಲ್ಲವಂತೆ.

ಡೀನರು ಪ್ರೊಫೆಸರ್ ಲೂನಾರ ಕಡೆ ತಿರುಗಿದರು. "ಎವರಿಸ್ತೊ, ನೀವೇ ಆಗಿಬಿಡಿ. ನಿಮ್ಮದೇ ವಿಷಯ."

"ನಾನಾ? ಬೇಡಪ್ಪಾ. ಪರದೆ ನಾನು ಕೊಡಿಸ್ಬೇಕಾಗುತ್ತೆ. ನಾಳೆ ಬೋರ್ಡು ಕೆಟ್ಟರೆ, ಧರ್ಮತಂದೆ ಕೈಗುಣ ನೋಡಿ ಅಂತಾರೆ."

ಉಳಿದ ಒಂಬತ್ತು ಜನ ಒಟ್ಟಿಗೆ ತಮ್ಮ ಬೂಟುಗಳನ್ನು ನೋಡಿಕೊಂಡರು. ಕೊಳಲಿನವರು ಊದಿದ್ದನ್ನೇ ಊದಿ ಸುಸ್ತಾಗಿದ್ದರು. ಆಗ ಸುತ್ತಿಗೆಯ ತಟ್ಟೆ ಹಿಡಿದು ನಿಂತಿದ್ದ ಸತುರ್ನಿನಾ, "ನಾನಾಗ್ತೀನಿ ಡಾಕ್ಟ್ರೇ," ಎಂದಳು.

"ಏನಾಗ್ತೀರಿ?"

"ಧರ್ಮತಾಯಿ. ಸಾಕಿದೋಳು ನಾನೇ ತಾನೇ."

ಯಾರೋ ನಕ್ಕರು. ಡೀನರು ನಗಲಿಲ್ಲ. ಅವರ ಕಣ್ಣು ಅಂಗಳದ ಕುರಿಮಾಂಸದ ಮೇಲಿತ್ತು. ಅದರ ಕೊಬ್ಬು ಬೆಳ್ಳಗಾಗತೊಡಗಿತ್ತು. "ಉಡುಗೊರೆ?" ಎಂದು ಮೆಲ್ಲಗೆ ಕೇಳಿದರು.

ಸತುರ್ನಿನಾ ಏಪ್ರನ್ನಿನ ಜೇಬಿನಿಂದ ಹೊಸ ಬಣ್ಣದ ಸೀಮೆಸುಣ್ಣದ ಡಬ್ಬಿ ತೆಗೆದು ತಟ್ಟೆಯಲ್ಲಿಟ್ಟಳು. ಸ್ವಂತ ದುಡ್ಡಿನಲ್ಲಿ ತಂದದ್ದು. "ಕರೆಂಟು ಹೋದಾಗ ಇರಲಿ," ಎಂದಳು. ಜೇಬಿನಲ್ಲಿ ಇನ್ನೊಂದು ವಸ್ತುವೂ ಇತ್ತು. ಅದನ್ನು ತೆಗೆಯಲಿಲ್ಲ.

ಮೂವತ್ತಮೂರು ವರ್ಷ ಡಸ್ಟರು ಬಡಿದ ಕೈ. ಬಾಟಲಿ ಒಂದೇ ಏಟಿಗೆ ಒಡೆಯಿತು. ರಿಬ್ಬನ್ನು ಕತ್ತರಿಸಿ ಒಳಗೆ ಹೋದರು. ಎಲ್ಲರ ತಲೆಯ ಮೇಲೂ ಬಣ್ಣದ ಕಾಗದದ ಚೂರು ಬಿತ್ತು. ಡೀನರು ಗ್ಲಾಸು ಎತ್ತಿ, ಪದ್ಧತಿಯಂತೆ ಸತುರ್ನಿನಾಳನ್ನು ತಬ್ಬಿ, "ಕೊಮಾದ್ರೆ!" ಎಂದರು. ಮಗುವಿನ ಅಪ್ಪ ಧರ್ಮತಾಯಿಯನ್ನು ಕರೆಯುವುದು ಹಾಗೆ. ಕರೆದ ಮೇಲೆ ಆಕೆ ಮನೆಯವಳಾದಳು. ಗ್ಲಾಸು ಕೈಯಲ್ಲಿರುವಾಗ ಕೊಮಾದ್ರೆ ಕೇಳಿದ್ದಕ್ಕೆ ಇಲ್ಲವೆನ್ನುವ ಮುಖ ಪುನೊದ ಗಂಡಸರಿಗೆ ಇನ್ನೂ ಬಂದಿರಲಿಲ್ಲ.

ಡೀನರು ಭಾಷಣ ಮಾಡಿದರು. ಬ್ರಹ್ಮಾಂಡದಿಂದ ಹೊರಟು ಇಂಕಾ ಅರಸರ ಮೂಲಕ ಹಾದು 204ಕ್ಕೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷವಾಯಿತು. ಆಮೇಲೆ ತೋಳು ಮೇಲೆ ಸರಿಸಿ, ಫೋಟೋ ತೆಗೆಯುವವನ ಕಡೆ ಮುಖ ತಿರುಗಿಸಿ, ಬೆಳಗುತ್ತಿದ್ದ ಬೋರ್ಡಿಗೆ ತೋರುಬೆರಳು ಮುಟ್ಟಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಹೆಬ್ಬೆರಳಿನಿಂದ ಒತ್ತಿದರು.

"ಉಗುರಿನಿಂದ ನೋಡಿ," ಎಂದರು ಪ್ರೊಫೆಸರ್ ಲೂನಾ, ವಿಷಯ ತಜ್ಞರಾಗಿ.

ಉಗುರಿಗೂ ಅದು ಮಿಸುಕಲಿಲ್ಲ. ಕಿಟಕಿಯ ಹತ್ತಿರ ಒಬ್ಬ ಹುಡುಗಿ ಬಾಯಿಗೆ ಶಾಲು ಅಡ್ಡ ಹಿಡಿದಳು. ಡೀನರ ಕಿವಿ ಕೆಂಪಾಯಿತು. "ಕೆಟ್ಟಿದೆ. ಕೆಟ್ಟಿದ್ದನ್ನ ನಾನು ವಹಿಸ್ಕೊಳ್ಳೋಕಾಗಲ್ಲ."

"ಕೆಟ್ಟಿಲ್ಲ ಕೊಂಪಾದ್ರೆ," ಎಂದಳು ಸತುರ್ನಿನಾ, ಕೊಮಾದ್ರೆಯಾದವಳು ಮಗುವಿನ ಅಪ್ಪನನ್ನು ಕರೆಯುವಂತೆಯೇ. ಡಾಕ್ಟರೇ ಎನ್ನದೆ ಆತನನ್ನು ಕರೆದದ್ದು ಅದೇ ಮೊದಲು. "ಮಗೂಗೆ ಜವಳ ಆಗಿಲ್ಲ. ಕಣ್ಣ ಮೇಲೆ ಕೂದ್ಲು ಬಿದ್ರೆ ಅದಕ್ಕೆ ನಿಮ್ಮ ಬೆರಳು ಹೇಗೆ ಕಾಣುತ್ತೆ? ಮೊದಲ ಕೂದಲು ತೆಗೆಯೋದು ಧರ್ಮತಾಯಿ ಹಕ್ಕು. ಅಪ್ಪಣೆ ಕೊಡಿ."

ಜೇಬಿನಿಂದ ಆ ಎರಡನೇ ವಸ್ತು ಹೊರಬಂತು. ಕೆಂಪು ರಿಬ್ಬನ್ನು ಕಟ್ಟಿದ ಕತ್ತರಿ.

ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರ ತಲೆಯ ಮೇಲೂ ಎರಡು ಮೂರು ವರ್ಷದ ಪ್ರಾಯದಲ್ಲಿ ಅಂಥದ್ದೇ ಕತ್ತರಿ ಆಡಿತ್ತು. ಎಲ್ಲರಿಗೂ ತಕ್ಷಣ ಅರ್ಥವಾಯಿತು. ಕೊಳಲಿನವರು ಯಾರೂ ಹೇಳದೆಯೇ ಜವಳದ ಹಾಡು ಶುರುಮಾಡಿದರು. ಸೊತ್ತು ಶಾಖೆಯ ಅಪಾಸಾ ಒಬ್ಬನೇ ಕೈ ಎತ್ತಿದ.

"ಸತುರ್ನಿನಮ್ಮ, ಹದಿನಾಲ್ಕನೇ ಸಾಲು..."

"ಕೂದಲು ತೆಗೆದ್ರೆ ಮಗು ಕಡಿಮೆ ಆಗುತ್ತಾ, ದೊನ್ ಫ್ರೋಯ್ಲಾನ್? ನಿಮಗೂ ತೆಗೆದಿದ್ರು. ನೀವು ಪೂರ್ತಿ ಇದ್ದೀರಿ."

ಅಪಾಸಾ ತನ್ನ ಬೋಳುತಲೆ ಮುಟ್ಟಿ ನೋಡಿಕೊಂಡು ಕೈ ಇಳಿಸಿದ. ಡೀನರ ಒಂದು ಕೈಯಲ್ಲಿ ಗ್ಲಾಸಿತ್ತು, ಎದುರಿಗೆ ಕ್ಯಾಮೆರಾ ಇತ್ತು. "ಆಗಲಿ ಕೊಮಾದ್ರೆ," ಎಂದರು.

ಮೇಲಿನ ಬಲಮೂಲೆಯಲ್ಲಿ ಬೆರಳಗಲದಷ್ಟು ಕತ್ತರಿಸಿ, ತುಂಡನ್ನು ತಟ್ಟೆಯಲ್ಲಿ ಹೂವಿನ ಎಸಳಿನ ಮೇಲಿಟ್ಟಳು. ಮತ್ತೆ ಕತ್ತರಿ ಹಾಕಲಿಲ್ಲ. ಬಿಡಿಸಿದ ಅಂಚನ್ನು ಡೀನರ ಕೈಗೂ, ಇನ್ನೊಂದನ್ನು ಪ್ರೊಫೆಸರ್ ಲೂನಾರ ಕೈಗೂ ಕೊಟ್ಟು, "ನಿಧಾನ. ಹರೀಬಾರದು. ಒಂದೇ ತುಂಡಾಗಿ ಬರ್ಬೇಕು," ಎಂದಳು. ಹನ್ನೊಂದು ಡಾಕ್ಟರುಗಳು ಉಸಿರು ಬಿಗಿಹಿಡಿದು, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಆ ಪೊರೆಯನ್ನು ಸುಲಿದರು. ವಿಭಾಗದ ಇತಿಹಾಸದಲ್ಲಿ ಅವರೆಲ್ಲ ಸೇರಿ ಮಾಡಿದ ಕೆಲಸ ಅದೊಂದೇ. ಎತ್ತರದ ಒಣಹವೆ. ಕಳಚಿಬಂದ ಪೊರೆ ಚಟಚಟ ಸದ್ದು ಮಾಡುತ್ತ ಗಾಳಿಯಲ್ಲಿ ಹೊರಳಿ ನೇರವಾಗಿ ಡೀನರ ಕರಿ ಕೋಟಿಗೆ, ಎದೆಯ ಪಟ್ಟಿಗೆ, ಗಲ್ಲಕ್ಕೆ ಅಂಟಿಕೊಂಡಿತು. ತಲೆಗೂದಲು ಮುಳ್ಳಿನಂತೆ ಎದ್ದು ನಿಂತಿತು. ಫೋಟೋದವನು ಸಿಕ್ಕ ಅವಕಾಶ ಬಿಡಲಿಲ್ಲ. ಇಬ್ಬರು ಹುಡುಗಿಯರು ಸೇರಿ ಅವರನ್ನು ಪೊರೆಯಿಂದ ಬಿಡಿಸಿದರು. ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡವಳು ಸತುರ್ನಿನಾ.

ಡೀನರು ಮತ್ತೆ ಬೆರಳಿಟ್ಟರು. ಬೋರ್ಡಿನ ಮೇಲೆ ನೀಲಿ ಗೆರೆ ಎದ್ದಿತು. ಚಪ್ಪಾಳೆ ಬಿತ್ತು. ಅವರು ತಮ್ಮ ಹೆಸರನ್ನು 'ಡಾಕ್ಟರ್' ಸಮೇತ ಬರೆದರು. ಬೋರ್ಡಿನ ಕೊನೆ ಬಂದುಬಿಟ್ಟಿದ್ದರಿಂದ 'ಸೆಗಾರ್ರಾ' ಪೂರ್ತಿ ಹಿಡಿಸಲಿಲ್ಲ. ಅಳಿಸಲು ಗುಂಡಿ ಹುಡುಕಿದರು. ಪ್ರೊಫೆಸರ್ ಲೂನಾ ಎಡಗಡೆ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ.

"ಬಲಗಡೆ, ಕೆಳಗೆ, ಎರಡನೇದು," ಎಂದಳು ಸತುರ್ನಿನಾ. "ಪುಸ್ತಕದಲ್ಲಿ ಮೂವತ್ತೊಂಬತ್ತನೇ ಪುಟ."

"ಹೌದು, ಬಲಗಡೆ. ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ," ಎಂದರು ಲೂನಾ. ಅವರ ಹಿಂದಿನ ಎರಡು ವರ್ಷದ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಡಗಡೆಯೆಂದು ಗುರುತಿಸಿ ಅವರೆಲ್ಲ ಹತ್ತಕ್ಕೆ ಹತ್ತು ತೆಗೆದಿದ್ದರು.

"ಕೊಂಪಾದ್ರೆ, ಕಣ್ಣಾರೆ ನೋಡಿದ್ರಲ್ಲ?" ಎಂದು ಸತುರ್ನಿನಾ ಪಟ್ಟಿಯನ್ನೂ ಪೆನ್ನನ್ನೂ ಮುಂದಿಟ್ಟಳು. ಪೆನ್ನಿಗೂ ರಿಬ್ಬನ್ನು ಕಟ್ಟಿದ್ದಳು.

ಡೀನರು ಕನ್ನಡಕ ತೆಗೆದರು. ಒರೆಸಲು ಕರವಸ್ತ್ರಕ್ಕೆ ಕೈಹಾಕಬೇಕಾದರೆ ಗ್ಲಾಸು ಕೆಳಗಿಡಬೇಕಿತ್ತು. ಗ್ಲಾಸಿಡಲು ಮೇಜಿನ ಮೇಲೆ ಜಾಗವಿರಲಿಲ್ಲ, ಪಟ್ಟಿ ಹರಡಿತ್ತು. "ಮೊದಲು ಅಪಾಸಾ ಎಲ್ಲಾ ಸರಿಯಿದೆ ಅನ್ನಲಿ," ಎಂದರು.

ಅಪಾಸಾ ಒಂದರಿಂದ ಶುರುಮಾಡಿದ. ಕ್ಯಾಮೆರಾ, ಎರಡು. ಮೈಕು, ನಾಲ್ಕು. ಹದಿನಾಲ್ಕಕ್ಕೆ ಬಂದು ನಿಂತ. ಸತುರ್ನಿನಾ ಮಡಚಿದ ಪೊರೆಯನ್ನು ಹಾಸಿದಳು. ಅವನು ಸುತ್ತ ನಡೆದು ನೋಡಿದ.

"ಒಂದೇ. ಆದರೆ ಮೂಲೆ ಇಲ್ಲ."

"ಮೂಲೆ ತಟ್ಟೇಲಿದೆ."

ಅವನು ತಟ್ಟೆಯಿಂದ ತುಂಡನ್ನು ಎತ್ತಿ, ಮೂಲೆಗೆ ಹೊಂದಿಸಿ ನೋಡಿದ. ಸರಿಯಾಗಿ ಕೂತಿತು. "ಬೋರ್ಡಿನ ಮೇಲೆ ಅಂತ ಬರೆದಿದೆ," ಎಂದು ಗೊಣಗಿದ. ಕೊಳಲು ನಿಂತಿತ್ತು. ಸತುರ್ನಿನಾಳ ಬಲಗೈ ಮೊಣಕಾಲನ್ನು ಅದುಮಿ ಹಿಡಿದಿತ್ತು. ಅವನು ಆ ಕೈಯನ್ನು ನೋಡಿದನೋ, ಕುರಿಮಾಂಸವನ್ನು ನೆನೆದನೋ, ಬಗ್ಗಿ ಹದಿನಾಲ್ಕನೇ ಸಾಲಿನ ಪಕ್ಕ ಬರೆದ: 'ಇದೆ. ಜವಳ ಆಗಿದೆ.'

ಡೀನರು ಸಹಿ ಹಾಕಿದರು. ಅವರ ಅಕ್ಷರ ಅಂದು ಸ್ವಲ್ಪ ಸಣ್ಣಗಿತ್ತು.

ಜೂನ್ ಹದಿನೈದಕ್ಕೆ ಮೊದಲೇ ಸತುರ್ನಿನಾ ಎರಡು ಮೂಟೆಯೊಂದಿಗೆ ಮೊಕೆಗ್ವಾದ ಬಸ್ಸು ಹತ್ತಿದಳು. ಕಿಟಕಿಯ ಬೀಗದಕೈ ಹೊಸಬಳೊಬ್ಬಳಿಗೆ ಹೋಯಿತು. 204ರ ಬೀಗದಕೈಯನ್ನು ಡೀನರು ಬೇರೆ ಯಾರಿಗೂ ಕೊಡದೆ ಕೊರಳಿಗೆ ಹಾಕಿಕೊಂಡರು, ಸಹಿ ತಮ್ಮದಲ್ಲವೇ. ಹಾಗಾಗಿ ಪ್ರೊಫೆಸರ್ ಲೂನಾ ದಿನಾ ಅವರ ಕೋಣೆಯ ಬಾಗಿಲಲ್ಲಿ ನಿಂತು ಬೀಗದಕೈ ಕೇಳಬೇಕಾಯಿತು. ತರಗತಿಯ ಉದ್ದಕ್ಕೂ ಡೀನರು ಹಿಂದಿನ ಕುರ್ಚಿಯಲ್ಲಿ ಕೂತು ಬೋರ್ಡನ್ನು ಕಾಯುತ್ತಿದ್ದರು. ಹಾಗೆ ಕೂತು ಕೂತು ಒಂದಿಷ್ಟು ಹೊಸ ತಂತ್ರಜ್ಞಾನ ಕಲಿತರೆಂದೂ ಸುದ್ದಿ.

ಮೊಕೆಗ್ವಾದಲ್ಲಿ ಭಾನುವಾರದ ಫೋನು ಮಾತ್ರ ತಪ್ಪಲಿಲ್ಲ. ಈಗ ಮಾಡುವವರು ಬೇರೆ.

"ಕೊಮಾದ್ರೆ, ಚೆನ್ನಾಗಿದ್ದೀರಾ? ಮೊಣಕಾಲು?"

"ಬಿಸಿಲಲ್ಲಿಟ್ಟಿದ್ದೀನಿ ಕೊಂಪಾದ್ರೆ. ನಿಮ್ಮ ಮಗು?"

"ಮಗು ಚೆನ್ನಾಗಿದೆ. ಆದರೆ ನಿನ್ನೆಯಿಂದ ನಾನು ಬರೆದಿದ್ದೆಲ್ಲ ತಲೆಕೆಳಗಾಗಿ ಕಾಣ್ತಿದೆ."

ಸತುರ್ನಿನಾ ಕಾಲನ್ನು ಬಿಸಿಲಿನ ಕಡೆಗೆ ಇನ್ನೊಂದಿಷ್ಟು ಚಾಚಿ, ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಐವತ್ತೆರಡನೇ ಪುಟ," ಎಂದಳು. "ಮೂರನೇ ಗುಂಡಿ. ಒಂದೇ ಸಲ ಒತ್ತಿ."

ಬಸಿಲಿಯಾ ಬೆಣ್ಣೆಹಣ್ಣು ಹೆಚ್ಚುತ್ತಿದ್ದವಳು ತಲೆ ಎತ್ತದೆ ಕೇಳಿದಳು, "ಯಾರಕ್ಕಾ ಅದು?"

"ನಮ್ಮ ಮನೆಯವರೇ," ಎಂದಳು ಸತುರ್ನಿನಾ.